ನಮ್ಮ ನಂತರ ಇಳಿಯುವವರ ನೀರು

ಜಪಾನಿ ಭಾಷೆ ಕಲಿಯುತ್ತಿರುವವರು ಆಗಾಗ ಒಂದು ಮಾತು ಹೇಳುತ್ತಾರೆ. ವ್ಯಾಕರಣ ಓದಿದ್ದಾಯ್ತು, ಚೀನಾ ಮೂಲದ ಕಾಂಜಿ ಅಕ್ಷರ ಬರೆದು ಬರೆದು ಕೈ ನೋವಾಯ್ತು, ಆದರೂ ಅಲ್ಲಿನ ಜನ ಯಾಕೆ ಹೀಗೆ ಅನ್ನುವುದು ಮಾತ್ರ ತಲೆಗೆ ಹತ್ತುತ್ತಿಲ್ಲ, ಇನ್ನೇನು ಮಾಡಲಿ? ನನ್ನ ಉತ್ತರ ಯಾವಾಗಲೂ ಒಂದೇ. ಸೆಂತೊಗೆ ಹೋಗಿ. ನೋಡಿಬರೋಣ ಅಂತ ಒಂದು ಸಲ ಹೋದರೆ ಸಾಲದು. ಒಂದೇ ಸೆಂತೊಗೆ, ಮತ್ತೆ ಮತ್ತೆ ಹೋಗಿ.

ಸೆಂತೊ ಅಂದರೆ ಬಡಾವಣೆಯ ಸ್ನಾನದ ಮನೆ. ದುಡ್ಡು ಕೊಟ್ಟು ಒಳಗೆ ಹೋಗಿ, ಅಕ್ಕಪಕ್ಕದ ಬೀದಿಯವರ ಜೊತೆ ಒಂದೇ ದೊಡ್ಡ ತೊಟ್ಟಿಯ ಬಿಸಿನೀರಿನಲ್ಲಿ ಕೂತು ಬರುವ ಜಾಗ. ಪ್ರವಾಸಕ್ಕೆ ಹೋದವರಿಗೆ ಗೊತ್ತಿರುವುದು ಓನ್ಸೆನ್. ಅದು ನೆಲದಿಂದ ಉಕ್ಕುವ ಬಿಸಿನೀರು, ಸುತ್ತ ಬೆಟ್ಟ, ಹಿಮ, ದುಬಾರಿ ಹೋಟೆಲು. ಸೆಂತೊದಲ್ಲಿ ಹೆಚ್ಚಾಗಿ ನಲ್ಲಿಯದೋ ಬಾವಿಯದೋ ನೀರನ್ನೇ ಕಾಯಿಸುತ್ತಾರೆ. ಅದು ಇರುವುದು ತರಕಾರಿ ಅಂಗಡಿ, ಲಾಂಡ್ರಿ, ಸೈಕಲ್ ಸಾಲುಗಳ ನಡುವೆ. ಓನ್ಸೆನ್‌ಗೆ ಜನ ರಜೆಯಲ್ಲಿ ಹೋಗುತ್ತಾರೆ. ಸೆಂತೊಗೆ ಮಂಗಳವಾರ ಸಂಜೆ ಕೆಲಸ ಮುಗಿಸಿ ಹೋಗುತ್ತಾರೆ. ಭಾಷೆ ಕಲಿಯುವವರಿಗೆ ಬೇಕಿರುವುದು ಆ ಮಂಗಳವಾರ ಸಂಜೆ.

ಬಾಗಿಲಲ್ಲಿ ನೊರೆನ್ ಎಂಬ ಬಟ್ಟೆಯ ಪರದೆ ತೂಗುತ್ತಿರುತ್ತದೆ. ಅದರ ಮೇಲೆ ದೊಡ್ಡದಾಗಿ 'ಯು' ಎಂಬ ಒಂದೇ ಅಕ್ಷರ, ಹಿರಾಗಾನ ಎಂಬ ಸರಳ ಲಿಪಿಯಲ್ಲಿ. ಯು ಅಂದರೆ ಬಿಸಿನೀರು. ಪರದೆ ಹೊರಗೆ ಇದ್ದರೆ ಸೆಂತೊ ತೆರೆದಿದೆ, ಒಳಗೆ ಎತ್ತಿಟ್ಟಿದ್ದರೆ ಮುಚ್ಚಿದೆ. ಅದನ್ನು ಸರಿಸಿ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಚಪ್ಪಲಿ ಗೂಡುಗಳು. ಒಂದೊಂದು ಗೂಡಿಗೂ ಅಂಗೈ ಅಗಲದ ಮರದ ಹಲಗೆಯೇ ಬೀಗದ ಕೈ. ಹಲಗೆ ಎಳೆದುಕೊಂಡರೆ ಬೀಗ ಬೀಳುತ್ತದೆ. ಹಳೆಯ ಸೆಂತೊಗಳಲ್ಲಿ ಆ ಹಲಗೆಗಳ ಮೇಲೆ ಅಂಕಿಗಳನ್ನು ಕಾಂಜಿಯಲ್ಲಿ ಬರೆದಿರುತ್ತಾರೆ. ಒಂದರಿಂದ ಹತ್ತರ ತನಕ ಕಲಿತ ಕಾಂಜಿಗೆ ಅಲ್ಲಿ ಮೊದಲ ಕೆಲಸ ಸಿಗುತ್ತದೆ. ಎರಡನೆಯ ಕೆಲಸ ಅದರ ಮುಂದಿನ ಎರಡು ಬಾಗಿಲುಗಳಲ್ಲಿ. ಒಂದರ ಮೇಲೆ ಹೆಂಗಸು, ಇನ್ನೊಂದರ ಮೇಲೆ ಗಂಡಸು ಎಂಬ ಕಾಂಜಿ. ಕೆಲವು ಕಡೆ ಎರಡೂ ಪಕ್ಕವನ್ನು ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ ಅದಲುಬದಲು ಮಾಡುತ್ತಾರೆ. ಹಾಗಾಗಿ ನಿನ್ನೆ ಎಡಗಡೆ ಹೋಗಿದ್ದೆ ಎಂಬ ನೆನಪಿನ ಮೇಲೆ ನಡೆಯುವ ಹಾಗಿಲ್ಲ. ಪ್ರತಿ ಸಲವೂ ಅಕ್ಷರ ಓದಲೇಬೇಕು.

ಹಳೆಯ ಪದ್ಧತಿಯಲ್ಲಿ ಎರಡು ಬಾಗಿಲುಗಳ ನಡುವೆ ಬಂದಾಯ್ ಎಂಬ ಎತ್ತರದ ಕಟ್ಟೆ ಇರುತ್ತಿತ್ತು. ಸೆಂತೊ ನಡೆಸುವವರು ಅದರ ಮೇಲೆ ಕೂತು ಎರಡೂ ಕಡೆಯ ದುಡ್ಡು ತೆಗೆದುಕೊಳ್ಳುತ್ತಿದ್ದರು. ಈಗ ಬಹಳಷ್ಟು ಕಡೆ ಹೋಟೆಲ್ ತರಹದ ಕೌಂಟರ್ ಬಂದಿದೆ. ದರವನ್ನು ಮಾಲೀಕರು ತಮಗೆ ತೋಚಿದಂತೆ ಇಡುವಂತಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬೆಲೆ ಏರಿಕೆ ತಡೆಯಲು ಬಂದ ನಿಯಮದ ಕೆಳಗೆ ಇವತ್ತಿಗೂ ಸೆಂತೊ ದರವನ್ನು ಆಯಾ ಪ್ರಾಂತ್ಯದ ಸರ್ಕಾರ ನಿಗದಿ ಮಾಡುತ್ತದೆ. ಟೋಕಿಯೊದಲ್ಲಿ 2024ರ ಆಗಸ್ಟ್‌ನಲ್ಲಿ ದೊಡ್ಡವರ ದರ 550 ಯೆನ್ ಆಯಿತು. ಮೈ ತೊಳೆದುಕೊಳ್ಳುವುದು ಎಲ್ಲರಿಗೂ ಕೈಗೆಟುಕಬೇಕು ಎಂಬ ಯೋಚನೆ ಅದರ ಹಿಂದಿದೆ. ನನಗೆ ಈ ವಿಷಯ ತುಂಬಾ ಇಷ್ಟ. ಸ್ನಾನವನ್ನು ಒಂದು ಸರ್ಕಾರ ಅಕ್ಕಿಯಷ್ಟೇ ಗಂಭೀರವಾಗಿ ತೆಗೆದುಕೊಂಡಿತ್ತಲ್ಲ!

ಬಟ್ಟೆಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ನಮ್ಮವರು ಹಿಂಜರಿಯುವುದು ಇದಕ್ಕೇ. ಹೌದು, ಒಳಗೆ ಯಾರೂ ಬಟ್ಟೆ ಹಾಕಿಕೊಂಡಿರುವುದಿಲ್ಲ. ಈಜುಡುಗೆಯೂ ಇಲ್ಲ. ಹೆಂಗಸರ ಕಡೆ ಹೆಂಗಸರು, ಗಂಡಸರ ಕಡೆ ಗಂಡಸರು. ಕೈಯಲ್ಲಿ ಒಂದು ತೆಳು ಟವೆಲ್, ಅಷ್ಟೆ. ಮೊದಲ ಐದು ನಿಮಿಷ ಮುಜುಗರ ಆಗುತ್ತದೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಎಂಬತ್ತರ ಅಜ್ಜಿ, ಆಪರೇಷನ್ ಗಾಯದ ಗುರುತಿರುವ ನಡುವಯಸ್ಸಿನವರು, ಬಸುರಿ, ಕಾಲೇಜು ಹುಡುಗಿ, ಎಲ್ಲರೂ ತಮ್ಮ ಪಾಡಿಗೆ ತಾವು ಮೈ ಉಜ್ಜಿಕೊಳ್ಳುತ್ತಿರುತ್ತಾರೆ. ಹೆಂಗಸರ ಮೈ ಅಂದರೆ ಹೀಗಿರಬೇಕು ಎಂದು ಜಾಹೀರಾತುಗಳು ತಲೆಗೆ ತುಂಬಿದ್ದೆಲ್ಲ ಅಲ್ಲಿ ಒಂದೇ ಸಂಜೆಯಲ್ಲಿ ಕರಗಿ ಹೋಗುತ್ತದೆ. ಹಚ್ಚೆ ಇರುವವರನ್ನು ದೊಡ್ಡ ರೆಸಾರ್ಟುಗಳು ವಾಪಸ್ ಕಳಿಸುವುದುಂಟು. ಬೀದಿಯ ಸೆಂತೊಗಳು ಸಾಮಾನ್ಯವಾಗಿ ಒಳಗೆ ಬಿಡುತ್ತವೆ.

ಇನ್ನು ಮುಖ್ಯ ವಿಷಯ. ತೊಟ್ಟಿಗೆ ಇಳಿಯುವ ಮೊದಲು ಹೊರಗೆ ಕೂತು ಪೂರ್ತಿ ಸ್ನಾನ ಮಾಡಬೇಕು. ಗೋಡೆಯುದ್ದಕ್ಕೂ ನಲ್ಲಿಗಳ ಸಾಲು, ಪ್ರತಿ ನಲ್ಲಿಯ ಮುಂದೆ ಒಂದು ಕನ್ನಡಿ. ಗಿಡ್ಡ ಸ್ಟೂಲು ಮತ್ತು ಒಂದು ಪುಟ್ಟ ಬೋಗುಣಿ ತಂದುಕೊಂಡು ಕೂರಬೇಕು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡು ಬೆಳೆದ ನಮ್ಮಂಥವರಿಗೆ ಇದು ಹೊಸತಲ್ಲ. ಯುರೋಪಿನವರು ಆ ಸ್ಟೂಲಿನ ಮೇಲೆ ಮೊಣಕಾಲು ಮಡಚಲು ಒದ್ದಾಡುವಾಗ ನಾವು ಆರಾಮಾಗಿ ಕೂತಿರುತ್ತೇವೆ. ಸೋಪು, ಶಾಂಪೂ, ಉಜ್ಜುವುದು, ತೊಳೆಯುವುದು ಎಲ್ಲ ಇಲ್ಲೇ. ತೊಟ್ಟಿ ಇರುವುದು ಕೊಳೆ ತೆಗೆಯಲಿಕ್ಕಲ್ಲ. ಅದು ಬೆಚ್ಚಗಾಗಲಿಕ್ಕೆ, ದಣಿವು ಇಳಿಸಲಿಕ್ಕೆ.

ಇದರ ಸುತ್ತ ಹತ್ತಾರು ಸಣ್ಣ ಸಣ್ಣ ನಡವಳಿಕೆಗಳಿವೆ. ನಿಂತು ಸ್ನಾನ ಮಾಡಬಾರದು, ಪಕ್ಕದವರಿಗೆ ಹನಿ ಸಿಡಿಯುತ್ತದೆ. ಉದ್ದ ಕೂದಲು ಮೇಲೆ ಕಟ್ಟಿಕೊಳ್ಳಬೇಕು, ನೀರಿನಲ್ಲಿ ಬಿಡಬಾರದು. ಟವೆಲನ್ನು ತೊಟ್ಟಿಗೆ ತಾಕಿಸಬಾರದು. ಅದಕ್ಕೇ ಎಲ್ಲರೂ ಮಡಚಿ ನೆತ್ತಿಯ ಮೇಲೆ ಇಟ್ಟುಕೊಂಡಿರುತ್ತಾರೆ. ಎದ್ದು ಹೋಗುವಾಗ ಸ್ಟೂಲನ್ನೂ ಬೋಗುಣಿಯನ್ನೂ ತೊಳೆದು, ನೊರೆ ಉಳಿಯದಂತೆ ನೆಲಕ್ಕೆ ಒಂದಿಷ್ಟು ನೀರು ಹೊಯ್ದು, ಸಾಮಾನು ಎತ್ತಿದ ಜಾಗದಲ್ಲೇ ಇಡಬೇಕು. ಬಟ್ಟೆ ಬದಲಿಸುವ ಕೋಣೆಗೆ ಕಾಲಿಡುವ ಮುನ್ನ ಬಾಗಿಲ ಬಳಿಯೇ ಮೈ ಒರೆಸಿಕೊಳ್ಳಬೇಕು, ಅಲ್ಲಿನ ನೆಲ ಒದ್ದೆಯಾಗಬಾರದು.

ಪಟ್ಟಿ ಓದಿದರೆ ಸಾಕಪ್ಪಾ ಈ ನಿಯಮಗಳು ಅನಿಸಬಹುದು. ಆದರೆ ಒಂದೊಂದನ್ನೂ ಹಿಡಿದು ನೋಡಿ, ಎಲ್ಲದರ ಬುಡ ಒಂದೇ. ನಮ್ಮ ನಂತರ ಒಬ್ಬರು ಬರುತ್ತಾರೆ. ಅವರು ಯಾರೋ ಗೊತ್ತಿಲ್ಲ, ಅವರ ಮುಖವನ್ನೂ ನೋಡಿರುವುದಿಲ್ಲ. ಆದರೂ ನೀರು ಅವರದೂ ಹೌದು. ಜಪಾನಿನ ದಿನನಿತ್ಯದ ಬದುಕಿನ ಎಷ್ಟೋ ಸಂಗತಿಗಳು ನನಗೆ ಅರ್ಥವಾಗತೊಡಗಿದ್ದು ಈ ತೊಟ್ಟಿಯಲ್ಲಿ ಕೂತ ಮೇಲೆ. ಮನೆಯೊಳಗೆ ಹೋಗುವಾಗ ಬಿಚ್ಚಿದ ಶೂಗಳನ್ನು ಬಾಗಿಲ ಕಡೆ ಮುಖ ಮಾಡಿ ತಿರುಗಿಸಿಡುವುದು, ಕಸಕ್ಕೆ ಹಾಕುವ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದು, ಲೇಬಲ್ ಸುಲಿದು, ತೊಳೆದು ಇಡುವುದು, ಶಾಲೆಯ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸುವುದು, ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಟ್ರೇಯನ್ನು ತಾವೇ ಕೊಂಡೊಯ್ದು ಇಡುವುದು. ಜಪಾನೀಯರು ಶಿಸ್ತಿನವರು ಅಂತ ನಾವು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಶಿಸ್ತು ಅಂದರೆ ಯಾರೋ ಬೆತ್ತ ಹಿಡಿದು ನಿಂತ ಹಾಗೆ ಕೇಳುತ್ತದೆ. ಇಲ್ಲಿ ಬೆತ್ತ ಇಲ್ಲ. ಪಕ್ಕದ ತೊಟ್ಟಿಯಲ್ಲಿ ಕೂತ ಅಜ್ಜಿ ಇದ್ದಾಳೆ, ಅವಳು ಐವತ್ತು ವರ್ಷ ಹೀಗೇ ಮಾಡಿದ್ದಾಳೆ. ಅದನ್ನು ನೋಡಿ ಮೊಮ್ಮಗಳು ಮಾಡುತ್ತಾಳೆ.

ಮನೆಗಳಲ್ಲೂ ಇದೇ ಪದ್ಧತಿ. ಒಂದು ಕುಟುಂಬದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದೇ ತೊಟ್ಟಿ ನೀರಿಗೆ ಇಳಿಯುತ್ತಾರೆ. ಎಲ್ಲರೂ ಹೊರಗೆ ತೊಳೆದುಕೊಂಡೇ ಇಳಿಯುವುದರಿಂದ ನೀರು ತಿಳಿಯಾಗಿಯೇ ಉಳಿಯುತ್ತದೆ. ನಡುವೆ ಆರದಿರಲಿ ಎಂದು ಮೇಲೆ ಮುಚ್ಚಳ ಹಾಕುತ್ತಾರೆ. ಸ್ನಾನದ ನೀರು ತಯಾರಾಯಿತು ಎಂದು ಹೇಳುವ ಯಂತ್ರ ಅಡುಗೆಮನೆಯ ಗೋಡೆಯ ಮೇಲಿರುತ್ತದೆ. ಮೊದಲು ಒಂದು ಪುಟ್ಟ ರಾಗ, ಆಮೇಲೆ ಹೆಂಗಸಿನ ದನಿಯಲ್ಲಿ "ಒಫುರೊ ಗ ವಾಕಿಮಾಶ್ತ" ಎಂಬ ವಾಕ್ಯ. ಜಪಾನಿ ಮನೆಯಲ್ಲಿ ಉಳಿದುಕೊಂಡವರ ಕಿವಿಯಿಂದ ಅದು ಹೋಗುವುದೇ ಇಲ್ಲ. ಮನೆಗೆ ನೆಂಟರು ಬಂದರೆ ಮೊದಲ ನೀರು ಅವರಿಗೆ. ಹಿಂದೆ ಮನೆಯ ಯಜಮಾನ ಮೊದಲು, ಸೊಸೆ ಕೊನೆಗೆ ಎಂಬ ಕ್ರಮ ಇತ್ತು. ಅದು ಎಲ್ಲ ಕಡೆಯ ಸೊಸೆಯರ ಕತೆ, ಬಿಡಿ. ಈಗ ಯಾರು ಮೊದಲು ಮನೆಗೆ ಬಂದರೋ ಅವರು. ಎಲ್ಲರದೂ ಮುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಆ ನೀರನ್ನು ಚೆಲ್ಲುವುದಿಲ್ಲ. ಅಲ್ಲಿನ ವಾಷಿಂಗ್ ಮೆಷಿನ್‌ಗಳ ಜೊತೆ ಒಂದು ಉದ್ದ ಪೈಪು ಬರುತ್ತದೆ, ಅದರ ಇನ್ನೊಂದು ತುದಿಯನ್ನು ಸ್ನಾನದ ತೊಟ್ಟಿಗೆ ಬಿಟ್ಟರೆ ಬಟ್ಟೆ ಒಗೆಯಲು ಆ ನೀರೇ ಹೋಗುತ್ತದೆ.

ಭಾಷೆಯ ವಿಷಯಕ್ಕೆ ಬರುತ್ತೇನೆ.

ತರಗತಿಯಲ್ಲಿ ನಾವು ಕಲಿಯುವುದು ಕೊನೆಗೆ ದೆಸು, ಮಾಸು ಎಂಬ ಮರ್ಯಾದೆಯ ಬಾಲ ಹಚ್ಚಿದ, ಇಸ್ತ್ರಿ ಹಾಕಿದಂಥ ವಾಕ್ಯಗಳು. ಆಫೀಸಿಗೆ ಹೋದರೆ ಅದಕ್ಕೂ ಮೇಲಿನ ಮರ್ಯಾದೆಯ ಭಾಷೆ. ಎರಡೂ ಬೇಕು. ಆದರೆ ಜನ ತಮ್ಮತಮ್ಮಲ್ಲಿ ಆಡುವ ಮಾತು ಕೇಳಲು ನಮಗೆ ಜಾಗವೇ ಸಿಗುವುದಿಲ್ಲ. ರೈಲಿನಲ್ಲಿ ಎಲ್ಲರೂ ಮೌನ. ಲಿಫ್ಟಿನಲ್ಲಿ ಮೌನ. ಪಕ್ಕದ ಮನೆಯವರು ತಲೆ ಬಗ್ಗಿಸಿ ನಮಸ್ಕರಿಸಿ ಒಳಗೆ ಹೋಗುತ್ತಾರೆ. ಸೆಂತೊದಲ್ಲಿ ಮಾತ್ರ ಆ ಗಂಟು ಸಡಿಲವಾಗುತ್ತದೆ. ಬಟ್ಟೆಯ ಜೊತೆ ಹುದ್ದೆಯನ್ನೂ ಗೂಡಿನಲ್ಲಿ ಇಟ್ಟು ಬಂದಿರುತ್ತಾರೆ. ಯಾರು ಮ್ಯಾನೇಜರ್, ಯಾರು ಅಂಗಡಿಯವರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ವಯಸ್ಸೊಂದನ್ನು ಬಿಟ್ಟರೆ ಮಾತಿನಲ್ಲಿ ಮೇಲುಕೀಳು ಅಳೆಯಲು ಏನೂ ಉಳಿದಿರುವುದಿಲ್ಲ.

ನಾನು ಹೋಗುತ್ತಿದ್ದ ಸೆಂತೊ ಟೋಕಿಯೊದ ಎದೊಗಾವಾ ವಾರ್ಡಿನಲ್ಲಿತ್ತು. ನಿಶಿಕಸಾಯ್ ಇರುವುದು ಅದೇ ವಾರ್ಡಿನಲ್ಲಿ. ಟೋಕಿಯೊದ ಭಾರತೀಯರು, ಅವರಲ್ಲಿ ಬೆಂಗಳೂರಿನ ಐಟಿಯವರೂ, ಜಾಸ್ತಿ ಇರುವ ಜಾಗ. ಇಡ್ಲಿ ಹಿಟ್ಟು, ಕರಿಬೇವು ಎಲ್ಲಿ ಸಿಗುತ್ತದೆ ಎಂದು ಅಲ್ಲಿನ ಕನ್ನಡಿಗರಿಗೆಲ್ಲ ಗೊತ್ತು. ನಡೆದು ಹೋಗುವಷ್ಟು ದೂರದಲ್ಲಿ ಸೆಂತೊ ಇದ್ದರೂ ಅದರೊಳಗೆ ಹೋದವರು ಕಡಿಮೆ. ಅಲ್ಲಿ ಒಬ್ಬ ಅಜ್ಜಿ ದಿನಾ ನಾಲ್ಕು ಗಂಟೆಗೆ ಬರುತ್ತಿದ್ದರು. ಬಾಗಿಲು ತೆರೆದ ಕೂಡಲೇ ಇಳಿಯುವ ಮೊದಲ ನೀರಿಗೆ ಅಲ್ಲಿ ತುಂಬಾ ಬೆಲೆ, ಅದಕ್ಕಾಗಿ ಹಿರಿಯರು ಹೊರಗೆ ಕಾಯುತ್ತಿರುತ್ತಾರೆ. ನನ್ನನ್ನು ಅವರು "ಓನೇಸಾನ್" ಅನ್ನುತ್ತಿದ್ದರು, ಅಕ್ಕಾ ಅಂದ ಹಾಗೆ. ಹೆಸರು ಕೇಳಿದ್ದು ಎಷ್ಟೋ ತಿಂಗಳ ಮೇಲೆ.

ಆ ಸೆಂತೊದಲ್ಲಿ ಎರಡು ತೊಟ್ಟಿ. ಒಂದು ಹದವಾದ ಬಿಸಿ, ಇನ್ನೊಂದು ಸುಡುವ ಬಿಸಿ. ಟೋಕಿಯೊದ ಹಳಬರಿಗೆ ನೀರು ಸುಡುವಂತಿದ್ದರೇ ಸಮಾಧಾನ, 42 ಡಿಗ್ರಿಯ ಮೇಲೇ ಇರಬೇಕು. ಅಜ್ಜಿ ಆ ಬಿಸಿ ತೊಟ್ಟಿಗೆ ಇಳಿಯುವ ಮುನ್ನ ಅಂಚಿನಲ್ಲಿ ಕೂತು ಬೋಗುಣಿಯಲ್ಲಿ ನೀರು ಮೊಗೆದು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಸೊಂಟಕ್ಕೆ, ಕೊನೆಗೆ ಭುಜಕ್ಕೆ ಹೊಯ್ದುಕೊಳ್ಳುತ್ತಿದ್ದರು. ಅವಸರ ಇಲ್ಲ. ಒಂದು ದಿನ ನನ್ನ ಕಡೆ ತಿರುಗಿ "ಹೃದಯಕ್ಕೆ ಹೇಳಿ ಇಳಿಯಬೇಕು, ಅಕ್ಕಾ" ಅಂದರು. ಆಮೇಲೆ ಅಲೆಯೇ ಏಳದಂತೆ ನಿಧಾನ ಇಳಿದರು. ಬಿಸಿನೀರು ಕದಡಿದರೆ ಕೂತವರ ಮೈ ಇನ್ನೂ ಸುಡುತ್ತದೆ, ಅದಕ್ಕೆ. ಕುತ್ತಿಗೆವರೆಗೆ ಮುಳುಗಿ, ಕಣ್ಣು ಮುಚ್ಚಿ, ಹೊಟ್ಟೆಯ ಆಳದಿಂದ ಒಂದು "ಹಾಆಆ". ಆ ಶಬ್ದ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಜಪಾನಿನ ಯಾವ ತೊಟ್ಟಿಗೆ ಹೋದರೂ ಕೇಳುತ್ತದೆ.

ಮಾತು ಶುರುವಾಗುವುದು ಹವಾಮಾನದಿಂದ. "ಇವತ್ತು ಚಳಿ, ಅಲ್ವಾ." "ಹೌದು, ಅಲ್ವಾ." ಎಷ್ಟೋ ದಿನ ಇಷ್ಟರಲ್ಲೇ ಮುಗಿಯುತ್ತಿತ್ತು. ಜಪಾನಿ ಮಾತುಕತೆಯಲ್ಲಿ ಮೊದಲ ಕೆಲಸ ಹೊಸ ವಿಷಯ ಹೇಳುವುದಲ್ಲ, ಇಬ್ಬರಿಗೂ ಗೊತ್ತಿರುವುದನ್ನೇ ಒಟ್ಟಿಗೆ ಹೇಳುವುದು. ವಾಕ್ಯದ ಕೊನೆಗೆ ಬರುವ, ನಮ್ಮ 'ಅಲ್ವಾ'ದಂಥ 'ನೆ' ಇಲ್ಲದೆ ಅಲ್ಲಿ ಯಾರೂ ಮಾತಾಡುವುದಿಲ್ಲ. ನಮಗೆ ಇದು ಸುಲಭ, ಅಲ್ವಾ ಎಂದು ಸೇರಿಸಿಯೇ ಮಾತಾಡುವ ಜನ ನಾವು. ನಿಧಾನಕ್ಕೆ ಮಾತು ಮೂಲಂಗಿಯ ಬೆಲೆಗೆ, ಮೊಣಕಾಲು ನೋವಿಗೆ, ಮೊಮ್ಮಗನ ಪರೀಕ್ಷೆಗೆ ಹೋಯಿತು. ಅಜ್ಜಿ ವಾಕ್ಯ ಪೂರ್ತಿ ಮಾಡುತ್ತಿರಲಿಲ್ಲ. "ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ, ಆದರೆ..." ಅಂತ ಬಿಟ್ಟರೆ ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳಬೇಕು. ನಡುನಡುವೆ ಹೂಂಗುಟ್ಟಬೇಕು. ಸುಮ್ನೆ ಕೇಳಿಸಿಕೊಂಡರೆ ಸಾಲದು, ಕೇಳುತ್ತಿದ್ದೇನೆ ಎಂದು ತೋರಿಸುತ್ತಲೇ ಇರಬೇಕು. ಕೇಳುವುದೂ ಒಂದು ಮಾತು ಎಂದು ನನಗೆ ಕಲಿಸಿದವರು ಅವರು.

ಹೊರಡುವಾಗ, ಇನ್ನೂ ನೀರಿನಲ್ಲಿರುವವರಿಗೆ "ಒಸಾಕಿನಿ" ಎಂದು ಹೇಳಿ ಏಳುವುದು ರೂಢಿ. ನಿಮಗಿಂತ ಮೊದಲೇ ಹೋಗುತ್ತಿದ್ದೇನೆ ಎಂಬಷ್ಟೇ ಮಾತು. ಆಫೀಸಿನಲ್ಲೂ ಸಂಜೆ ಮೊದಲು ಎದ್ದವರು ಇದನ್ನೇ ಉದ್ದವಾಗಿ, ಮರ್ಯಾದೆ ಸೇರಿಸಿ ಹೇಳುತ್ತಾರೆ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಆ ಉದ್ದ ವಾಕ್ಯ ನನಗೆ ಸಹಜವಾಗಿ ಬರತೊಡಗಿದ್ದು, ಅದರ ಗಿಡ್ಡ ರೂಪವನ್ನು ಬಿಸಿನೀರಿನಲ್ಲಿ ಹೇಳಿ ಹೇಳಿ ರೂಢಿಯಾದ ಮೇಲೆ.

ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವಿನ ಗೋಡೆ ಸೂರಿನವರೆಗೆ ಹೋಗುವುದಿಲ್ಲ. ಮೇಲೆ ತೆರೆದಿರುತ್ತದೆ. ಎತ್ತರದ ಚಾವಣಿಗೆ ತಾಗಿ ಬೋಗುಣಿ ಇಟ್ಟ ಸದ್ದು, ಮಗು ಅತ್ತ ಸದ್ದು, ಎರಡೂ ಕಡೆ ತೇಲುತ್ತವೆ. "ಏನ್ರೀ, ನಾನು ಹೊರಟೆ" ಎಂದು ಒಬ್ಬಾಕೆ ಗೋಡೆಯಾಚೆಗೆ ಕೂಗಿದರೆ ಆ ಕಡೆಯಿಂದ "ಓಯ್" ಎಂಬ ಉತ್ತರ ಬರುತ್ತಿತ್ತು. ಸಾರ್ವಜನಿಕವಾಗಿ ಹೆಂಡತಿಯ ಕೈ ಹಿಡಿಯಲೂ ಸಂಕೋಚ ಪಡುವ ಆ ತಲೆಮಾರಿನ ಗಂಡಸರ ಪ್ರೀತಿಯನ್ನು ನಾನು ಕೇಳಿದ್ದು ಆ ಓಯ್ ಎಂಬುದರಲ್ಲಿ.

ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಫುಜಿ ಬೆಟ್ಟ. ಟೋಕಿಯೊದ ಸೆಂತೊ ಅಂದರೆ ಫುಜಿ ಇರಲೇಬೇಕು. ಇದು ಶುರುವಾಗಿದ್ದು 1912ರಲ್ಲಿ, ಕಾಂದಾ ಬಡಾವಣೆಯ ಕಿಕಾಯ್-ಯು ಎಂಬ ಸೆಂತೊದಲ್ಲಿ. ಮಕ್ಕಳು ಖುಷಿಯಿಂದ ಸ್ನಾನಕ್ಕೆ ಬರಲಿ ಎಂದು ಮಾಲೀಕರು ಗೋಡೆಗೆ ಚಿತ್ರ ಬರೆಸಿದರು. ಬರೆದ ಕವಾಗೊಎ ಕೋಶಿರೊ ಶಿಜುವೊಕಾ ಕಡೆಯವರು, ಫುಜಿ ನೋಡುತ್ತಾ ಬೆಳೆದವರು. ತಮ್ಮೂರ ಬೆಟ್ಟವನ್ನೇ ಬರೆದರು. ಜನಕ್ಕೆ ಹಿಡಿಸಿತು, ಊರೆಲ್ಲ ಹಬ್ಬಿತು. ಹಬೆಯ ತೇವಕ್ಕೆ ಬಣ್ಣ ಹಾಳಾಗುವುದರಿಂದ ಕೆಲವು ವರ್ಷಕ್ಕೊಮ್ಮೆ ಮತ್ತೆ ಬರೆಯಬೇಕು. ಸೆಂತೊಗೆ ವಾರದ ರಜೆ ಇರುವ ದಿನ ಕಲಾವಿದರು ಬಂದು, ತೊಟ್ಟಿಯ ಮೇಲೆ ಅಟ್ಟಣೆ ಕಟ್ಟಿ, ಹಳೆಯ ಚಿತ್ರದ ಮೇಲೆಯೇ ಮೊದಲು ಆಕಾಶ, ಆಮೇಲೆ ಬೆಟ್ಟ, ಕೊನೆಗೆ ಕಡಲು, ಪೈನ್ ಮರ ಎಂದು ಒಂದೇ ದಿನದಲ್ಲಿ ಮುಗಿಸುತ್ತಾರೆ. ಸೂರ್ಯಾಸ್ತ ಬರೆಯುವುದಿಲ್ಲ, ವ್ಯಾಪಾರ ಮುಳುಗುತ್ತದಂತೆ. ಉದುರುವ ಕೆಂಪು ಮೇಪಲ್ ಎಲೆಯೂ ಬೇಡ, ಗಿರಾಕಿಗಳು ಉದುರಿಹೋಗುತ್ತಾರಂತೆ. ಈ ಕೆಲಸವನ್ನೇ ವೃತ್ತಿ ಮಾಡಿಕೊಂಡವರು ಈಗ ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ 1983ರಲ್ಲಿ ಹುಟ್ಟಿದ ತನಾಕಾ ಮಿಜುಕಿ ಎಂಬ ಹೆಣ್ಣುಮಗಳೂ ಒಬ್ಬರು.

ಊರಿಂದ ಊರಿಗೆ ರೂಢಿ ಬೇರೆ. ಒಸಾಕಾ, ಕ್ಯೋಟೊ ಕಡೆ ಫುಜಿ ಕಾಣುವುದು ಅಪರೂಪ, ತೊಟ್ಟಿಯೂ ಕೋಣೆಯ ನಡುವೆ ಇರುವುದು ಹೆಚ್ಚು. ಕೆರೋರಿನ್ ಎಂಬ ನೋವಿನ ಔಷಧಿಯ ಜಾಹೀರಾತು ಇರುವ ಹಳದಿ ಪ್ಲಾಸ್ಟಿಕ್ ಬೋಗುಣಿ 1963ರಿಂದ ದೇಶದ ತುಂಬ ಸೆಂತೊಗಳಲ್ಲಿದೆ. ಅದರಲ್ಲೂ ಎರಡು ಅಳತೆ. ಒಸಾಕಾ ಕಡೆಯವರು ತೊಟ್ಟಿಯಿಂದಲೇ ನೀರು ಮೊಗೆದು ಮೈಗೆ ಹೊಯ್ದುಕೊಳ್ಳುತ್ತಾರೆ, ಒಂದೇ ಕೈಯಲ್ಲಿ ಎತ್ತಲು ಹಗುರ ಇರಲಿ ಎಂದು ಅವರಿಗೆ ಸಣ್ಣದು. ಟೋಕಿಯೊದವರು ನಲ್ಲಿಯ ಕೆಳಗಿಟ್ಟು ತುಂಬಿಸುತ್ತಾರೆ, ಅವರಿಗೆ ದೊಡ್ಡದು. ಎಷ್ಟು ಗಮನ ಇಟ್ಟು ಮಾಡಿದ್ದಾರೆ ನೋಡಿ, ಒಂದು ಬೋಗುಣಿಯನ್ನು!

ಕಟ್ಟಡಗಳೂ ನೋಡುವಂಥವು. 1923ರ ಮಹಾ ಭೂಕಂಪದಲ್ಲಿ ಟೋಕಿಯೊ ಸುಟ್ಟು ನೆಲಸಮವಾದ ಮೇಲೆ ಹೊಸ ಸೆಂತೊಗಳನ್ನು ದೇವಸ್ಥಾನದ ಹಾಗೆ ಕಟ್ಟಿದರು. ಮುಂಬಾಗಿಲ ಮೇಲೆ ಬಾಗಿದ ಸೂರು, ಒಳಗೆ ಚೌಕ ಚೌಕದ ಮರದ ಚಾವಣಿ. ಎಲ್ಲವನ್ನೂ ಕಳೆದುಕೊಂಡು ಸಾಲು ಮನೆಗಳಲ್ಲಿ ಬದುಕುತ್ತಿದ್ದ ಜನ ಸಂಜೆಗೊಮ್ಮೆ ಅರಮನೆಯಂಥ ಜಾಗಕ್ಕೆ ಬಂದು ಹೋಗಲಿ ಎಂಬ ಆಸೆ ಅದರಲ್ಲಿತ್ತು ಅನಿಸುತ್ತದೆ. ಟೋಕಿಯೊದ ಕೋಯೆಂಜಿ ಬಡಾವಣೆಯ ಕೊಸುಗಿ-ಯು ಸೆಂತೊ 1933ರಲ್ಲಿ ಕಟ್ಟಿದ್ದು, ಇವತ್ತಿಗೂ ತುಂಬಿರುತ್ತದೆ. ಕ್ಯೋಟೊದ ಫುನಾವೊಕಾ ಓನ್ಸೆನ್, ಹೆಸರು ಓನ್ಸೆನ್ ಆದರೂ ನಿಜಕ್ಕೂ ಬೀದಿಯ ಸೆಂತೊ. ಅಲ್ಲಿ ಗೋಡೆ ತುಂಬ ಹಳೆಯ ಬಣ್ಣದ ಮಜೋಲಿಕಾ ಟೈಲ್ಸ್, ಬಾಗಿಲ ಮೇಲೆ ಕೆತ್ತನೆ. ಟೋಕಿಯೊದಲ್ಲಿದ್ದ 1929ರ ಕೊದಾಕಾರಾ-ಯು ಎಂಬ ಸೆಂತೊವನ್ನು ಕೊಗಾನೆಯಿ ಊರಿನ ಬಯಲು ವಸ್ತುಸಂಗ್ರಹಾಲಯಕ್ಕೆ ತಂದು ಮತ್ತೆ ಕಟ್ಟಿದ್ದಾರೆ. ಅಲ್ಲಿ ತೊಟ್ಟಿ ಒಣಗಿದೆ. ಹಾಗಾಗಿ ಫೋಟೊ ತೆಗೆಯಬಹುದು, ಬೇರೆಲ್ಲೂ ಒಳಗೆ ಮೊಬೈಲ್ ತೆಗೆಯುವ ಹಾಗೇ ಇಲ್ಲ.

ವಸ್ತುಸಂಗ್ರಹಾಲಯ ಎಂದಾಗ ನನಗೆ ಸಂಕಟವೂ ಆಗುತ್ತದೆ. 1968ರ ಹೊತ್ತಿಗೆ ಜಪಾನಿನಲ್ಲಿ ಸುಮಾರು 18,000 ಸೆಂತೊಗಳಿದ್ದವು. ಇವತ್ತು ಎರಡು ಸಾವಿರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಹತ್ತರಲ್ಲಿ ನಾಲ್ಕು ಮನೆಗಳಿಗೆ ಸ್ವಂತ ಸ್ನಾನದ ಕೋಣೆ ಇರಲಿಲ್ಲ, ಈಗ ಹೆಚ್ಚುಕಡಿಮೆ ಎಲ್ಲ ಮನೆಗೂ ಇದೆ. ಗ್ಯಾಸಿನ ಬೆಲೆ ಏರಿದೆ, ಬಾಯ್ಲರ್ ಹಳತಾಗಿದೆ, ನಡೆಸುವ ಗಂಡಹೆಂಡಿರಿಗೆ ಎಪ್ಪತ್ತು ದಾಟಿದೆ, ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಹೊಗೆಯ ಚಿಮಣಿ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ. ಸ್ವಂತ ಮನೆಯಲ್ಲೇ ಬಿಸಿನೀರು ಬಂದಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಟಿಯಾಗಿ ಬದುಕುವ ಮುದುಕರಿಗೆ ಸೆಂತೊ ಹೋದರೆ ಹೋಗುವುದು ಬಿಸಿನೀರೊಂದೇ ಅಲ್ಲ. ನಮ್ಮ ಅಜ್ಜಿ ಎರಡು ದಿನ ಬರದಿದ್ದಾಗ ಕೌಂಟರಿನಲ್ಲಿದ್ದಾಕೆ ಅವರ ಮನೆಗೆ ಫೋನ್ ಮಾಡಿದ್ದರು. ನೆಗಡಿಯಂತೆ, ಅಷ್ಟೇ. ಆದರೂ ಮೂರನೆಯ ದಿನ ಒಬ್ಬರು ವಿಚಾರಿಸುತ್ತಾರೆ ಎಂಬುದು ಆ ವಯಸ್ಸಿನಲ್ಲಿ ಎಷ್ಟು ದೊಡ್ಡ ಧೈರ್ಯ. ಅನೇಕ ವಾರ್ಡುಗಳು ಹಿರಿಯರಿಗೆ ಕಡಿಮೆ ದರದ ಅಥವಾ ಬಿಟ್ಟಿ ಟಿಕೆಟ್ ಕೊಡುವುದೂ ಇದಕ್ಕೇ. ಅವರು ಮನೆಯಿಂದ ಹೊರಗೆ ಬರಲಿ, ನಾಲ್ಕು ಮಾತಾಡಲಿ ಅಂತ.

ಸೆಂತೊದ ನಿಜವಾದ ಬೆಲೆ ಗೊತ್ತಾಗುವುದು ಭೂಮಿ ನಡುಗಿದಾಗ. 2024ರ ಹೊಸ ವರ್ಷದ ದಿನ ನೋತೊ ಪರ್ಯಾಯ ದ್ವೀಪದಲ್ಲಿ ದೊಡ್ಡ ಭೂಕಂಪವಾಯಿತು. ನಲ್ಲಿ ನೀರು ತಿಂಗಳುಗಟ್ಟಲೆ ಬರಲಿಲ್ಲ. ಸುಜು ಎಂಬ ಊರಿನ ಅಮಿದಾ-ಯು ಸೆಂತೊ ಜನವರಿಯಲ್ಲೇ ಮತ್ತೆ ಬಾಗಿಲು ತೆರೆಯಿತು. ನೆಲದ ಕೆಳಗಿನ ನೀರು ಎತ್ತಿ, ಬಿದ್ದ ಮನೆಗಳ ಮರವನ್ನೇ ಸೌದೆ ಮಾಡಿ ಕಾಯಿಸಿದರು. ಮನೆ ಕಳೆದುಕೊಂಡವರು ಅದೇ ಊರಿನ ಮನೆಗಳ ಮರದಿಂದ ಕಾದ ನೀರಿನಲ್ಲಿ ಮೈ ಬೆಚ್ಚಗೆ ಮಾಡಿಕೊಂಡರು. ಇಂಥ ದುರಂತಗಳಲ್ಲಿ ಅಲ್ಲಿನ ಸೈನ್ಯ ಊಟ, ಔಷಧಿಯ ಜೊತೆ ಸ್ನಾನದ ಗುಡಾರವನ್ನೂ ಹಾಕುತ್ತದೆ. ಗುಡಾರದ ಬಾಗಿಲಿಗೆ ತಮ್ಮ ತುಕಡಿಯ ಊರಿನ ಹೆಸರಿರುವ ನೊರೆನ್ ತೂಗುಹಾಕುತ್ತಾರೆ. ಇದನ್ನು ಮೊದಲ ಸಲ ಟಿವಿಯಲ್ಲಿ ನೋಡಿದಾಗ ನನ್ನ ಕಣ್ಣು ತುಂಬಿತ್ತು.

ಹಬ್ಬದ ನೀರಿನ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಮೇ 5ರಂದು ಮಕ್ಕಳ ದಿನ. ಅವತ್ತು ಶೋಬು ಎಂಬ ಉದ್ದನೆಯ ಎಲೆಗಳ ಕಟ್ಟನ್ನು ತೊಟ್ಟಿಯಲ್ಲಿ ಬಿಟ್ಟಿರುತ್ತಾರೆ. ಅದರ ಘಾಟು ವಾಸನೆ ಕೆಟ್ಟದ್ದನ್ನು ಓಡಿಸುತ್ತದೆ ಎಂಬ ನಂಬಿಕೆ. ಮಕ್ಕಳು ಎಲೆಯನ್ನು ತಲೆಗೆ ಪಟ್ಟಿಯಂತೆ ಕಟ್ಟಿಕೊಂಡು ಕೂರುತ್ತಾರೆ. ಶೋಬು ನಮ್ಮ ಬಜೆಯ ಗಿಡವೇ. ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವ ನಮ್ಮ ಮನೆಗಳ ನೆನಪು ಅಲ್ಲಿ ಆಗದಿರಲು ಸಾಧ್ಯವೇ ಇಲ್ಲ. ಡಿಸೆಂಬರ್ 22ರ ಸುಮಾರಿಗೆ, ವರ್ಷದ ಅತಿ ಗಿಡ್ಡ ಹಗಲಿನ ದಿನ, ಯುಜು ನೀರು. ಯುಜು ಅಂದರೆ ಹೇರಳೆ, ನಿಂಬೆಗಳ ಜಾತಿಯ ಹಳದಿ ಹಣ್ಣು. ಇಡೀ ಹಣ್ಣುಗಳನ್ನೇ ಬಲೆಯ ಚೀಲದಲ್ಲಿ ತುಂಬಿಯೋ ಹಾಗೇ ಬಿಡಿಯಾಗಿಯೋ ನೀರಿಗೆ ಬಿಡುತ್ತಾರೆ. ಅವತ್ತು ಮಿಂದರೆ ಚಳಿಗಾಲ ಪೂರ್ತಿ ನೆಗಡಿ ಬರುವುದಿಲ್ಲವಂತೆ. ಅಜ್ಜಿ ಒಂದು ಹಣ್ಣನ್ನು ಅಂಗೈಯಲ್ಲಿ ಮೆಲ್ಲಗೆ ಹಿಚುಕಿ ನನ್ನ ಕಡೆ ತೇಲಿಬಿಟ್ಟರು. ಅದನ್ನು ಮೂಗಿನ ಹತ್ತಿರ ಹಿಡಿದು ನಾನು ಪಕ್ಕದವರ ಕಡೆ ತೇಲಿಬಿಟ್ಟೆ. ಆ ಸಂಜೆ ತೊಟ್ಟಿಯಲ್ಲಿ ಮಾತು ನಿಲ್ಲಲೇ ಇಲ್ಲ. ಯಾರ ಊರಿನಲ್ಲಿ ಯುಜು ಮರ ಇತ್ತು, ಯಾರ ಅತ್ತೆ ಅದರ ಸಿಪ್ಪೆಯನ್ನು ಉಪ್ಪಿನಕಾಯಿಗೆ ಹಾಕುತ್ತಿದ್ದರು, ನಿಮ್ಮ ದೇಶದಲ್ಲಿ ಇದು ಇದೆಯಾ ಅಕ್ಕಾ, ಅಲ್ಲಿಯೂ ತೊಟ್ಟಿಗೆ ಹಾಕುತ್ತೀರಾ. ಹೇರಳೆಕಾಯಿ ಚಿತ್ರಾನ್ನದ ಬಗ್ಗೆ ನನಗೆ ಗೊತ್ತಿದ್ದ ಜಪಾನಿಯನ್ನೆಲ್ಲ ಸುರಿದು ಹೇಳಿದೆ. ಅನ್ನಕ್ಕೆ ಹುಳಿಯಾ ಎಂದು ಎಲ್ಲರೂ ಬೆರಗಾದರು. ಆಮೇಲೆ ಒಬ್ಬರು, ಸುಶಿಯ ಅನ್ನಕ್ಕೆ ವಿನೆಗರ್ ಹಾಕುವವರು ನಾವೇ ಅಲ್ವಾ ಎಂದಾಗ ತೊಟ್ಟಿಯೆಲ್ಲ ನಗು.

ಹೋಗುವವರಿಗೆ ಒಂದೆರಡು ವಿವರ. ಸೆಂತೊ ಸಾಮಾನ್ಯವಾಗಿ ಮಧ್ಯಾಹ್ನ ಮೂರು, ನಾಲ್ಕಕ್ಕೆ ತೆರೆಯುತ್ತದೆ, ರಾತ್ರಿ ಹನ್ನೊಂದು ಹನ್ನೆರಡರವರೆಗೂ ಇರುತ್ತದೆ. ವಾರಕ್ಕೊಂದು ರಜೆ ಇರುತ್ತದೆ, ಬಾಗಿಲ ಮೇಲಿನ ಬೋರ್ಡಿನಲ್ಲಿ ವಾರದ ಕಾಂಜಿ ಓದಿಕೊಳ್ಳಿ. ಒಂದು ಸಣ್ಣ ಟವೆಲ್, ಒಂದು ದೊಡ್ಡ ಟವೆಲ್, ಸೋಪು, ಶಾಂಪೂ ಒಯ್ಯಿರಿ. ಮರೆತರೂ ಕೌಂಟರಿನಲ್ಲಿ ಸಿಗುತ್ತವೆ. ಚಿಲ್ಲರೆ ಇಟ್ಟುಕೊಳ್ಳಿ, ಕೂದಲು ಒಣಗಿಸುವ ಯಂತ್ರಕ್ಕೆ ನಾಣ್ಯ ಹಾಕಬೇಕಾಗುತ್ತದೆ. ಊಟ ಮಾಡಿದ ಕೂಡಲೇ ಹೋಗಬೇಡಿ. ಮೊದಲು ಹದವಾದ ಬಿಸಿಯ ತೊಟ್ಟಿಗೆ ಇಳಿಯಿರಿ, ಐದು ನಿಮಿಷ ಸಾಕು. ಎದ್ದು ಸುಧಾರಿಸಿಕೊಂಡು ಮತ್ತೆ ಇಳಿಯಬಹುದು. ತಲೆ ತಿರುಗಿದ ಹಾಗಾದರೆ ಅಂಚಿನಲ್ಲಿ ಕೂತುಬಿಡಿ. ಮುಗಿದ ಮೇಲೆ ಫ್ರಿಜ್ಜಿನಲ್ಲಿ ತಣ್ಣನೆಯ ಕಾಫಿ ಹಾಲು ಇದ್ದರೆ ಬಿಡಬೇಡಿ. ಗಾಜಿನ ಬಾಟಲಿಯಲ್ಲಿ ಬರುವುದು ಈಗ ಕಡಿಮೆಯಾಗುತ್ತಿದೆ.

ಮಾತಾಡಲೇಬೇಕೆಂದು ಹಟ ಹಿಡಿಯಬೇಡಿ. ಮೊದಲ ಕೆಲವು ಸಲ ಕೌಂಟರಿನಲ್ಲಿ ಒಂದು "ಕೊಂಬಾನ್ವಾ" (ಶುಭ ಸಂಜೆ), ತೊಟ್ಟಿಗೆ ಇಳಿಯುವಾಗ ತಲೆ ಬಗ್ಗಿಸಿ ಒಂದು ನಮಸ್ಕಾರ, ಏಳುವಾಗ ಒಂದು "ಒಸಾಕಿನಿ", ಅಷ್ಟು ಸಾಕು. ಆದಷ್ಟು ದಿನಾ ಒಂದೇ ಹೊತ್ತಿಗೆ ಹೋಗಿ. ಅದೇ ಹೊತ್ತಿಗೆ ಬರುವವರು ನಿಮ್ಮ ಮುಖ ಗುರುತು ಹಿಡಿದ ಮೇಲೆ ಚಳಿಯ ಬಗ್ಗೆಯೋ ಸೆಕೆಯ ಬಗ್ಗೆಯೋ ಮೊದಲ ವಾಕ್ಯ ಅವರ ಕಡೆಯಿಂದಲೇ ಬರುತ್ತದೆ.